ಶಂಟ್ ಇರುವ ಮಗು ತಲೆನೋವೆಂದರೆ

ಕಳೆದ ತಿಂಗಳ ಎರಡನೇ ಜುಮಾದಲ್ಲಿ ನಾವು ರೋಗಿಯ ಹಕ್ಕುಗಳ ಕುರಿತು ಖುತ್ಬಾ ನೀಡಿದ್ದೆವು. ರೋಗಿಯನ್ನು ಸಂದರ್ಶಿಸುವುದು, ಅವರಿಗಾಗಿ ದುಆ ಮಾಡುವುದು, ಆಸ್ಪತ್ರೆಯ ಖರ್ಚಿನಲ್ಲಿ ಕೈಜೋಡಿಸುವುದು ಇವೆಲ್ಲ ಅದರಲ್ಲಿ ಬಂದವು. ಆದರೆ ಒಂದು ಹಕ್ಕನ್ನು ಮಿಂಬರಿನ ಮೇಲೆ ನಿಂತು ಹೇಳಲು ನಮಗೆ ನಾಲಿಗೆ ಬರಲಿಲ್ಲ. ನೋವಿದೆ ಎಂದು ರೋಗಿ ಹೇಳಿದಾಗ ಅದನ್ನು ನಂಬುವುದು. ಆ ಹಕ್ಕನ್ನು ಕೊಡದೇ ಹೋದವರಲ್ಲಿ ನಾವೂ ಒಬ್ಬರು. ಅಂದು ಬಾಯಿಂದ ಬಾರದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಮದ್ರಸದಲ್ಲಿ ಒಂಬತ್ತು ವರ್ಷದ ಒಬ್ಬ ಹುಡುಗನಿದ್ದಾನೆ. ಹೆಸರು ಬೇಡ. ಎಂಟು ತಿಂಗಳ ಕೂಸಾಗಿದ್ದಾಗ ಮೆದುಳಿನ ಪೊರೆಗೆ ಸೋಂಕು ತಗಲಿ, ತಲೆಯಲ್ಲಿ ನೀರು ನಿಂತು, ಶಸ್ತ್ರಚಿಕಿತ್ಸೆ ಮಾಡಿ ಶಂಟ್ ಹಾಕಿದ್ದರು. ಆಮೇಲೆ ಎಂಟು ವರ್ಷ ಏನೂ ತೊಂದರೆಯಿರಲಿಲ್ಲ. ಮನೆಯವರೂ ಅದನ್ನು ಮರೆತಂತಿದ್ದರು, ನಮಗಂತೂ ಗೊತ್ತೇ ಇರಲಿಲ್ಲ.

ಕಳೆದ ಮಳೆಗಾಲದಲ್ಲಿ ಅವನು ಬೆಳಗ್ಗಿನ ತರಗತಿಗೆ ಬಂದು ಡೆಸ್ಕಿನ ಮೇಲೆ ತಲೆಯಿಟ್ಟು ಕೂರತೊಡಗಿದ. ಕೇಳಿದರೆ, "ಉಸ್ತಾದ್, ತಲೆ ನೋಯ್ತದೆ" ಎನ್ನುತ್ತಿದ್ದ. ಸಂಜೆ ನೋಡಿದರೆ ಅದೇ ಹುಡುಗ ಮಸೀದಿಯ ಅಂಗಳದಲ್ಲಿ ಚೆಂಡಾಡುತ್ತಿದ್ದ. ಮದ್ರಸದ ಹೊತ್ತಿಗೆ ಬಂದು ಸಂಜೆಗೆ ಮಾಯವಾಗುವ ತಲೆನೋವನ್ನು ನಾವು ಇಪ್ಪತ್ತು ವರ್ಷಗಳಿಂದ ನೋಡುತ್ತಾ ಬಂದವರು. "ಸ್ವಲ್ಪ ಸಬ್ರ್ ಮಾಡು ಮೋನೇ, ಪಾಠ ಮುಗಿದ ಮೇಲೆ ಹೋಗ್ತದೆ" ಎಂದೆವು. ಒಂದು ದಿನ ಅವನು, "ಸುಜೂದ್‌ಗೆ ಹೋದರೆ ತಲೆ ಒಡೆದ ಹಾಗಾಗ್ತದೆ" ಎಂದ. ಅದನ್ನೂ ನೆಪವೆಂದೇ ತಿಳಿದು ನಕ್ಕೆವು. ಮನೆಯಲ್ಲಿ ಉಮ್ಮ ದಿನಕ್ಕೆರಡು ಜ್ವರದ ಮಾತ್ರೆ ಕೊಡುತ್ತಿದ್ದರು. ಉಪ್ಪ ದಮ್ಮಾಮ್‌ನಲ್ಲಿ. ಹನ್ನೊಂದನೇ ದಿನ ಬೆಳಗ್ಗೆ ಹುಡುಗನಿಗೆ ಎರಡು ಸಲ ವಾಂತಿಯಾಯಿತು. ಆಮೇಲೆ ಎಬ್ಬಿಸಿದರೂ ಏಳದಂಥ ನಿದ್ದೆ. ಮಾವ ಓಡಿ ಬಂದು ಮಂಗಳೂರಿಗೆ ಕರೆದೊಯ್ದರು. ಶಂಟ್ ಕಟ್ಟಿಕೊಂಡಿತ್ತು. ಅದೇ ರಾತ್ರಿ ಬದಲಾಯಿಸಿದರು. ಅಲ್‌ಹಮ್ದುಲಿಲ್ಲಾಹ್, ಹುಡುಗ ಉಳಿದ, ಓದುತ್ತಿದ್ದಾನೆ.

ಮರುದಿನ ನಾವು ಆಸ್ಪತ್ರೆಗೆ ಹೋದಾಗ ಶಸ್ತ್ರವೈದ್ಯರು ಉಮ್ಮನಿಗೆ ಹೇಳುತ್ತಿದ್ದ ಮಾತು ಕಿವಿಗೆ ಬಿತ್ತು. ಬೆಳಗ್ಗೆ ಎದ್ದಾಗ ಹೆಚ್ಚು, ಬಗ್ಗಿದರೆ ಹೆಚ್ಚು, ಎದ್ದು ಓಡಾಡಿದ ಮೇಲೆ ಕಡಿಮೆ. ಶಂಟ್ ಇರುವ ಮಗು ಹೀಗೆ ಹೇಳಿದರೆ ಅಂದೇ ಕರೆತರಬೇಕಿತ್ತು ಎಂದರು. ಅಂದರೆ ಸುಳ್ಳಿಗೆ ಪುರಾವೆಯೆಂದು ನಾವು ಹಿಡಿದುಕೊಂಡದ್ದೇ ರೋಗಕ್ಕೆ ಪುರಾವೆಯಾಗಿತ್ತು. ನಾವು ಹುಡುಗನಲ್ಲಿ ಕ್ಷಮೆ ಕೇಳಿದೆವು. ಅವನು ಕೇಳಿದ್ದು, ಬಿಟ್ಟುಹೋದ ಪಾಠ ಎಷ್ಟು ಎಂದು.

ಆ ಬಳಿಕ ವಿಚಾರಿಸಿದರೆ ನಮ್ಮದೇ ಜಮಾಅತಿನಲ್ಲಿ ಶಂಟ್ ಇರುವವರು ಇನ್ನೂ ಇಬ್ಬರಿದ್ದಾರೆ. ಒಬ್ಬರು ಅರುವತ್ತು ದಾಟಿದ ಹಿರಿಯರು. ನಮಗೆ ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಹಾಗಾಗಿ ವೈದ್ಯರಿಂದ ಕೇಳಿ ತಿಳಿದದ್ದನ್ನು, ಅದರಲ್ಲೂ ನೋವಿನ ವಿಷಯವನ್ನು, ಸ್ವಲ್ಪ ವಿವರವಾಗಿಯೇ ಹೇಳಬೇಕೆನಿಸಿತು.

ನಮ್ಮ ಮೆದುಳು ಒಂದು ತಿಳಿನೀರಿನಲ್ಲಿ ತೇಲಿಕೊಂಡಿರುತ್ತದೆ. ಮೆದುಳಿನ ಒಳಗಿನ ಕುಹರಗಳಲ್ಲಿ ದಿನಕ್ಕೆ ಹೆಚ್ಚುಕಡಿಮೆ ಅರ್ಧ ಲೀಟರಿನಷ್ಟು ಈ ದ್ರವ ಹೊಸದಾಗಿ ಹುಟ್ಟುತ್ತದೆ, ಹಳೆಯದು ರಕ್ತಕ್ಕೆ ಸೇರಿಕೊಳ್ಳುತ್ತದೆ. ದೊಡ್ಡವರಲ್ಲಿ ಒಂದು ಹೊತ್ತಿಗೆ ಇರುವುದು ಸುಮಾರು 150 ಮಿಲಿಲೀಟರ್ ಮಾತ್ರ. ಹುಟ್ಟಿನ ದೋಷದಿಂದಲೋ, ಮೆನಿಂಜೈಟಿಸ್ ಅಥವಾ ಮೆದುಳಿನ ಕ್ಷಯದಿಂದಲೋ, ರಕ್ತಸ್ರಾವ ಅಥವಾ ಗಡ್ಡೆಯಿಂದಲೋ ಹರಿಯುವ ದಾರಿ ಮುಚ್ಚಿದರೆ ನೀರು ಒಳಗೇ ತುಂಬಿ ಮೆದುಳನ್ನು ಒತ್ತುತ್ತದೆ. ಇದನ್ನು ಹೈಡ್ರೋಸೆಫಲಸ್ ಎನ್ನುತ್ತಾರೆ. ಶಂಟ್ ಎಂದರೆ ಆ ನೀರಿಗೆ ಮಾಡಿಕೊಟ್ಟ ಬೇರೆ ದಾರಿ. ತೆಳ್ಳಗಿನ ಸಿಲಿಕೋನ್ ಕೊಳವೆ ಮೆದುಳಿನ ಕುಹರದಿಂದ ಹೊರಟು, ಹೆಚ್ಚಾಗಿ ಕಿವಿಯ ಹಿಂದೆ ಒಂದು ಪುಟ್ಟ ವಾಲ್ವ್ ದಾಟಿ, ಚರ್ಮದ ಅಡಿಯಲ್ಲೇ ಕುತ್ತಿಗೆ ಎದೆಗಳ ಮೂಲಕ ಇಳಿದು ಹೊಟ್ಟೆಯೊಳಗೆ ತೆರೆದುಕೊಳ್ಳುತ್ತದೆ. ಹೊಟ್ಟೆಯ ಪೊರೆ ಆ ನೀರನ್ನು ಹೀರಿಕೊಳ್ಳುತ್ತದೆ. ವಿ.ಪಿ. ಶಂಟ್ ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿರುವುದು ಇದನ್ನೇ.

ಸಾವಿರ ವರ್ಷಗಳ ಹಿಂದೆ ಕೊರ್ಡೋಬಾದಲ್ಲಿದ್ದ ಅಬುಲ್ ಕಾಸಿಮ್ ಅಝ್ಝಹ್ರಾವಿ ತಮ್ಮ 'ಅತ್ತಸ್ರೀಫ್' ಗ್ರಂಥದಲ್ಲಿ ತಲೆಯಲ್ಲಿ ನೀರು ತುಂಬುವ ಶಿಶುಗಳ ಕುರಿತು ಬರೆದಿದ್ದಾರೆ. ನಮ್ಮ ಮದ್ರಸಗಳಲ್ಲಿ ಅವರ ಹೆಸರನ್ನು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಆ ಕಾಲದಲ್ಲಿ ಇಂಥ ಮಕ್ಕಳು ಬದುಕುತ್ತಿದ್ದುದು ತೀರಾ ಅಪರೂಪ. ನಂಬಬಹುದಾದ ವಾಲ್ವ್ ಬಂದದ್ದು 1950ರ ದಶಕದಲ್ಲಿ, ಅಮೆರಿಕದಲ್ಲಿ. ಅದನ್ನು ಮಾಡಿದ ಜಾನ್ ಹೋಲ್ಟರ್ ವೈದ್ಯರಲ್ಲ, ಯಂತ್ರದ ಕೆಲಸಗಾರ. 1955ರಲ್ಲಿ ಹುಟ್ಟಿದ ಅವರ ಮಗನಿಗೇ ಈ ರೋಗವಿತ್ತು. ಇಂದು ನಮ್ಮ ದೇಶದಲ್ಲೇ, ಉತ್ತರ ಪ್ರದೇಶದ ಶಾಹಜಹಾನ್‌ಪುರದಲ್ಲಿ, ಛಾಬ್ರಾ ಶಂಟ್ ತಯಾರಾಗುತ್ತದೆ. ವಿದೇಶಿ ಶಂಟ್‌ಗಳಿಗಿಂತ ಬಹಳ ಅಗ್ಗ. ಬಡ ಮನೆಗಳ ಎಷ್ಟೋ ಮಕ್ಕಳು ಅದರಿಂದ ಬದುಕಿದ್ದಾರೆ.

ಇಷ್ಟೆಲ್ಲ ಆದರೂ ಶಂಟ್ ಎಂಬುದು ಒಂದು ಕೊಳವೆಯೇ. ಕಟ್ಟಿಕೊಳ್ಳಬಹುದು, ತುಂಡಾಗಬಹುದು, ಜಾರಬಹುದು, ಮಗು ಬೆಳೆದಂತೆ ಉದ್ದ ಸಾಲದೇ ಹೋಗಬಹುದು. ಮಕ್ಕಳಲ್ಲಿ ಹಾಕಿದ ಮೊದಲ ವರ್ಷದಲ್ಲೇ ನೂರರಲ್ಲಿ ಮೂವತ್ತರಿಂದ ನಲವತ್ತು ಶಂಟ್‌ಗಳು ಕೆಡುತ್ತವೆ. ನಮ್ಮ ಹುಡುಗನದ್ದು ಎಂಟು ವರ್ಷ ನಡೆದು ಕೆಟ್ಟಿತು. ಇಷ್ಟು ವರ್ಷ ಸರಿಯಿತ್ತು, ಇನ್ನೇನಾದೀತು ಎನ್ನುವಂತಿಲ್ಲ.

ಈಗ ನೋವಿನ ವಿಷಯ. ಶಂಟ್ ಇರುವವರಿಗೆ ತಲೆನೋವು ಬಂದರೆ ಮೊದಲ ಪ್ರಶ್ನೆ ಯಾವ ಮಾತ್ರೆ ಎಂಬುದಲ್ಲ, ಇದು ಯಾವ ನೋವು ಎಂಬುದು.

ಕಟ್ಟಿಕೊಂಡ ಶಂಟಿನ ನೋವನ್ನು ಮೇಲೆ ಹೇಳಿದೆವು. ರಾತ್ರಿಯಿಡೀ ಮಲಗಿದ್ದಾಗ ತಲೆಯೊಳಗಿನ ಒತ್ತಡ ಏರುತ್ತದೆ. ಆದ್ದರಿಂದ ಫಜ್ರ್‌ಗೆ ಏಳುವಾಗ ನೋವು ಜೋರು. ಕೆಮ್ಮಿದರೆ, ಮುಕ್ಕಿದರೆ, ಬಗ್ಗಿದರೆ ಹೆಚ್ಚು. ದಿನ ಕಳೆದಂತೆ ಸಂಜೆಯ ಬಿಡುವೂ ಇಲ್ಲವಾಗಬಹುದು. ಜೊತೆಗೆ ವಾಂತಿ, ಮಂಪರು, ಒಂದು ವಸ್ತು ಎರಡಾಗಿ ಕಾಣುವುದು, ನಡಿಗೆ ತಪ್ಪುವುದು, ಫಿಟ್ಸ್, ಚೆನ್ನಾಗಿ ಓದುತ್ತಿದ್ದ ಮಗು ಒಮ್ಮೆಲೇ ಹಿಂದೆ ಬೀಳುವುದು, ಕಾರಣವಿಲ್ಲದ ಸಿಟ್ಟು. ಕೂಸುಗಳಾದರೆ ನೆತ್ತಿ ಉಬ್ಬುತ್ತದೆ, ಕಣ್ಣುಗುಡ್ಡೆ ಕೆಳಕ್ಕೇ ನೆಟ್ಟಿರುತ್ತದೆ, ಸಮಾಧಾನವಾಗದ ಅಳು. ಎಲ್ಲವೂ ಒಟ್ಟಿಗೇ ಕಾಣಬೇಕೆಂದಿಲ್ಲ. ತಲೆನೋವಿನ ಜೊತೆ ವಾಂತಿ ಅಥವಾ ಮಂಪರು ಇದ್ದರೆ ಮರುದಿನದವರೆಗೆ ಕಾಯಬೇಡಿ. ರಾತ್ರಿಯಾದರೂ 108ಕ್ಕೆ ಕರೆ ಮಾಡಿ. ಸಿ.ಟಿ. ಸ್ಕ್ಯಾನ್ ಮತ್ತು ನರಶಸ್ತ್ರವೈದ್ಯರು ಇರುವ ಆಸ್ಪತ್ರೆಗೇ ಹೋಗಿ; ಊರಿನ ಕ್ಲಿನಿಕ್‌ನಲ್ಲಿ ಗ್ಲೂಕೋಸ್ ಹಾಕಿಸಿ ಅರ್ಧ ದಿನ ಕಳೆಯಬೇಡಿ. ಶಸ್ತ್ರಚಿಕಿತ್ಸೆ ಬೇಕಾಗಬಹುದು, ಆದ್ದರಿಂದ ದಾರಿಯಲ್ಲಿ ಏನೂ ತಿನ್ನಿಸಬೇಡಿ. ಮಂಪರಿನಲ್ಲಿರುವವರನ್ನು ಒಂದು ಮಗ್ಗುಲಿಗೆ ಮಲಗಿಸಿ ಒಯ್ಯಿರಿ. ಈ ನೋವಿಗೆ ಮದ್ದು ಶಂಟ್ ಸರಿಪಡಿಸುವುದೊಂದೇ.

ಎರಡನೆಯದು ಇದಕ್ಕೆ ಸರಿಯಾಗಿ ತಿರುಗುಮುರುಗು. ಶಂಟ್ ಬೇಕಾದ್ದಕ್ಕಿಂತ ಹೆಚ್ಚು ನೀರನ್ನು ಇಳಿಸಿಬಿಡುತ್ತದೆ. ಆಗ ಎದ್ದು ನಿಂತರೆ ನೋವು, ಅಡ್ಡಾದರೆ ಆರಾಮ. ಮಧ್ಯಾಹ್ನದ ಹೊತ್ತಿಗೆ ಹೆಚ್ಚು. ಹೊಸದಾಗಿ ಶಂಟ್ ಹಾಕಿಸಿಕೊಂಡವರಲ್ಲಿ ಮೊದಲ ಕೆಲವು ದಿನ ಇದು ಕಾಣಿಸಿಕೊಂಡು ಹೋಗುವುದೂ ಉಂಟು. ಒಮ್ಮೆಲೇ ಎದ್ದು ಕೂರದೆ ನಿಧಾನವಾಗಿ ಏಳುವುದು, ನಡುನಡುವೆ ಮಟ್ಟಸವಾಗಿ ಮಲಗುವುದು, ನೀರು ಚೆನ್ನಾಗಿ ಕುಡಿಯುವುದು ಇದಕ್ಕೆ ಸಹಾಯ. ಆದರೆ ಮುಂದುವರಿದರೆ ತೋರಿಸಲೇಬೇಕು, ಏಕೆಂದರೆ ಮೆದುಳು ಕುಗ್ಗಿದಂತಾಗಿ ಅದರ ಹೊರಗೆ ರಕ್ತ ಸೇರುವ ಅಪಾಯವಿದೆ. ವಾಲ್ವಿನ ಒತ್ತಡವನ್ನು ಬದಲಾಯಿಸಿ ವೈದ್ಯರು ಇದನ್ನು ಸರಿಮಾಡಬಲ್ಲರು. ಕೆಲವು ವಾಲ್ವ್‌ಗಳನ್ನು ಹೊರಗಿನಿಂದಲೇ ಆಯಸ್ಕಾಂತದ ಉಪಕರಣದಿಂದ ತಿರುಗಿಸಬಹುದು, ಕೆಲವಕ್ಕೆ ಶಸ್ತ್ರಚಿಕಿತ್ಸೆಯೇ ಬೇಕು. ಹೊರಗಿನಿಂದ ತಿರುಗಿಸುವಂಥ ವಾಲ್ವ್ ಇದ್ದವರು ಎಂ.ಆರ್.ಐ. ಮಾಡಿಸುವ ಮೊದಲೇ ಹೇಳಬೇಕು, ಮಾಡಿಸಿದ ಮೇಲೆ ವಾಲ್ವ್ ಪರೀಕ್ಷಿಸಿಕೊಳ್ಳಬೇಕು. ಆಯಸ್ಕಾಂತವಿರುವ ಹೆಡ್‌ಫೋನ್ ಮುಂತಾದವನ್ನು ಆ ಜಾಗಕ್ಕೆ ತಾಗಿಸಬಾರದು.

ಮೂರನೆಯದು ಸೋಂಕಿನ ನೋವು. ಹೆಚ್ಚಾಗಿ ಶಸ್ತ್ರಚಿಕಿತ್ಸೆಯ ನಂತರದ ಮೊದಲ ಆರು ತಿಂಗಳಲ್ಲಿ. ಜ್ವರ, ಕೊಳವೆ ಹೋದ ದಾರಿಯಲ್ಲಿ ಕೆಂಪು, ಗಾಯದಿಂದ ನೀರು ಒಸರುವುದು, ಕುತ್ತಿಗೆ ಬಿಗಿ. ಕೆಲವೊಮ್ಮೆ ತಲೆ ನೋಯುವುದೇ ಇಲ್ಲ, ಹೊಟ್ಟೆ ನೋಯುತ್ತದೆ. ಹೊಟ್ಟೆನೋವಿಗೂ ತಲೆಯ ಆಪರೇಷನ್‌ಗೂ ಏನು ಸಂಬಂಧ ಎಂದು ಯಾರಾದರೂ ಹೇಳಿದರೆ, ಕೊಳವೆಯ ಇನ್ನೊಂದು ತುದಿ ಎಲ್ಲಿದೆ ಎಂದು ನೆನಪಿಸಿ.

ಇನ್ನು ಪ್ರಾಣಕ್ಕೆ ಅಪಾಯವಲ್ಲದ, ಆದರೆ ಬದುಕನ್ನು ಹಣ್ಣು ಮಾಡುವ ನೋವುಗಳಿವೆ. ಕಿವಿಯ ಹಿಂದಿನ ಗಾಯದ ಗುರುತು ಮುಟ್ಟಿದರೆ ಚುಚ್ಚುವುದು, ಆ ಬದಿಗೆ ಮಲಗಲಾಗದಿರುವುದು, ಕುತ್ತಿಗೆ ತಿರುಗಿಸಿದರೆ ಕೊಳವೆ ಎಳೆದಂತಾಗುವುದು. ಬಿಗಿಯಾದ ಟೋಪಿ, ಹೆಲ್ಮೆಟ್, ಸ್ಕಾರ್ಫಿನ ಪಿನ್ ಇವು ಆ ಜಾಗವನ್ನು ಒತ್ತದಂತೆ ನೋಡಿಕೊಂಡರೆ ಅರ್ಧ ನೋವು ಹೋಗುತ್ತದೆ. ಹೆಲ್ಮೆಟ್ ಬಿಡಬೇಡಿ, ಒಳಗಿನ ಸ್ಪಂಜನ್ನು ಹೊಂದಿಸಿಕೊಳ್ಳಿ. ಕುತ್ತಿಗೆಯ ಎಳೆತ ಹೆಚ್ಚುತ್ತಾ ಹೋದರೆ ಎಕ್ಸ್‌ರೇ ಮಾಡಿಸಿ, ಹಳೆಯ ಕೊಳವೆ ಗಡುಸಾಗಿ ಅಂಟಿಕೊಂಡಿರಬಹುದು, ತುಂಡಾಗಿರಲೂಬಹುದು.

ಇವೆಲ್ಲದರ ಜೊತೆ, ಶಂಟ್ ಇರುವವರಿಗೂ ಎಲ್ಲರಂತೆ ಸಾಮಾನ್ಯ ತಲೆನೋವು ಬರುತ್ತದೆ. ಮೈಗ್ರೇನ್, ನಿದ್ದೆಗೇಡು, ಕಣ್ಣಿನ ದೋಷ, ಹಸಿವು, ಪರೀಕ್ಷೆಯ ಒತ್ತಡ. ವೈದ್ಯರು ನೋಡಿ ಶಂಟ್ ಸರಿಯಿದೆ ಎಂದ ಮೇಲೆ ಇವಕ್ಕೆ ಪ್ಯಾರಾಸಿಟಮಾಲ್ ಸಾಕಾಗುತ್ತದೆ. ಮಕ್ಕಳಿಗೆ ಪ್ರಮಾಣ ವಯಸ್ಸಿನ ಅಂದಾಜಿನ ಮೇಲಲ್ಲ, ತೂಕದ ಮೇಲೆ, ವೈದ್ಯರಿಂದ ಬರೆಸಿಕೊಳ್ಳಿ. ಮಕ್ಕಳಿಗೆ ಆಸ್ಪಿರಿನ್ ಬೇಡವೇ ಬೇಡ. ಮಂಪರು ತರುವ ನೋವಿನ ಮಾತ್ರೆಗಳನ್ನು ಮೆಡಿಕಲ್‌ನಲ್ಲಿ ಕೇಳಿ ತಂದು ಕೊಡಬೇಡಿ. ಮಂಪರು ಶಂಟ್ ಕೆಟ್ಟದ್ದರ ಲಕ್ಷಣವೂ ಹೌದಾದ್ದರಿಂದ, ಮಾತ್ರೆಯ ಮಂಪರಿನಲ್ಲಿ ಅದು ಮುಚ್ಚಿಹೋಗುತ್ತದೆ. ಇನ್ನೊಂದು ಮಾತು ಹಲವರಿಗೆ ಹೊಸದು. ತಿಂಗಳಲ್ಲಿ ಹದಿನೈದು ದಿನಕ್ಕಿಂತ ಹೆಚ್ಚು ನೋವಿನ ಮಾತ್ರೆ ನುಂಗುತ್ತಾ ಹೋದರೆ ಆ ಮಾತ್ರೆಯೇ ತಲೆನೋವು ತರತೊಡಗುತ್ತದೆ. ಮೇಲೆ ಹೇಳಿದ ಹಿರಿಯರಿಗೆ ಆದದ್ದು ಇದೇ. ಅವರ ಶಂಟ್ ಸರಿಯಾಗಿಯೇ ಇತ್ತು. ವೈದ್ಯರ ಸಲಹೆಯಂತೆ ಮಾತ್ರೆ ನಿಲ್ಲಿಸಿದಾಗ ಎರಡು ವಾರ ಒದ್ದಾಡಿದರು, ಆಮೇಲೆ ತಿಳಿಯಾಯಿತು.

ಮಲಬದ್ಧತೆಯನ್ನೂ ಇಲ್ಲೇ ಹೇಳಬೇಕು. ಹೊಟ್ಟೆ ಕಟ್ಟಿ ಒಳಗೆ ಒತ್ತಡ ಹೆಚ್ಚಿದರೆ ಶಂಟಿನ ನೀರು ಇಳಿಯಲು ಕಷ್ಟವಾಗುತ್ತದೆ. ಸೊಪ್ಪು, ಹಣ್ಣು, ನೀರು. ಮಕ್ಕಳು ಶಾಲೆಯ ಶೌಚಾಲಯ ಗಲೀಜೆಂದು ಸಂಜೆವರೆಗೆ ತಡೆದುಕೊಳ್ಳುವುದು ಎಲ್ಲ ಮನೆಯ ಕಥೆ. ಮದ್ರಸದ ಶೌಚಾಲಯವನ್ನು ಈ ವರ್ಷ ಸರಿಮಾಡಿಸಿದ್ದೇವೆ, ಅದಕ್ಕೆ ಇದೂ ಒಂದು ಕಾರಣ.

ನೋವು ಎಂದರೆ ಮನೆಮದ್ದು ಹುಡುಕುವುದು ನಮ್ಮ ರೂಢಿ. ಹಿಜಾಮಾ ಮಾಡಿಸೋಣವೇ ಎಂದು ನಮ್ಮಲ್ಲೇ ಇಬ್ಬರು ಕೇಳಿದರು. ಹಿಜಾಮಾವನ್ನು ನಾವು ಗೌರವಿಸುತ್ತೇವೆ. ಆದರೆ ಚರ್ಮದ ಅಡಿಯಲ್ಲೇ ಕೊಳವೆ ಹಾದುಹೋಗಿರುವ ತಲೆ, ಕುತ್ತಿಗೆ, ಎದೆ, ಹೊಟ್ಟೆಯ ಮೇಲೆ ಕಪ್ ಇಟ್ಟು ಬ್ಲೇಡ್ ತಾಗಿಸುವುದು ಕೊಳವೆಗೆ ಗಾಯ, ಮೆದುಳಿಗೆ ಸೋಂಕು ಎರಡನ್ನೂ ತರಬಲ್ಲದು. ಬೇಡ. ಕ್ಷೌರದಂಗಡಿಯಲ್ಲಿ ತಲೆ ತಟ್ಟಿ ಕುತ್ತಿಗೆ ಲಟಕ್ಕೆನಿಸುವುದೂ ಬೇಡ. ಕಿವಿಯ ಹಿಂದಿನ ವಾಲ್ವನ್ನು ಒತ್ತಿ ಒತ್ತಿ ನೋಡುವ ಅಭ್ಯಾಸ ಕೆಲವು ಮನೆಗಳಲ್ಲಿದೆ. ವೈದ್ಯರು ಹೇಳಿಕೊಡದೆ ಮಾಡಬಾರದು, ಒತ್ತಿ ನೋಡಿದ್ದರಿಂದ ಶಂಟ್ ಸರಿಯಿದೆಯೆಂದು ಖಚಿತವಾಗುವುದೂ ಇಲ್ಲ. ನೀರು ಮಂತ್ರಿಸಿ ಕೊಡಿ ಎಂದು ಬಂದರೆ ನಾವು ಓದಿ ಊದಿ ಕೊಡುತ್ತೇವೆ, ಆದರೆ ಸ್ಕ್ಯಾನ್ ಯಾವಾಗ ಎಂದು ಕೇಳಿಯೇ ಕೊಡುತ್ತೇವೆ. ಚಿಕಿತ್ಸೆ ಪಡೆಯಿರಿ ಎಂದು ಪ್ರವಾದಿ(ಸ)ರೇ ತಮ್ಮ ಅನುಚರರಿಗೆ ಹೇಳಿದ್ದಾರೆ. ಸಬ್ರ್ ಎಂದರೆ ನೋವನ್ನು ಬಚ್ಚಿಡುವುದು ಎಂದು ಮಕ್ಕಳಿಗೆ ಕಲಿಸಿದವರು ನಾವು, ಉಸ್ತಾದರು. ಅಯ್ಯೂಬ್(ಅ)ರು ತಮ್ಮ ನೋವನ್ನು ಅಲ್ಲಾಹನಲ್ಲಿ ಬಾಯಿಬಿಟ್ಟು ಹೇಳಿಕೊಂಡವರು, ಆದರೂ ಸಹನಶೀಲರೆಂದೇ ಅವರಿಗೆ ಹೆಸರು.

ನಮಾಝ್ ಮತ್ತು ಉಪವಾಸದ ಬಗ್ಗೆ ಪ್ರಶ್ನೆಗಳು ಬಂದಿವೆ. ಸರಿಯಾಗಿ ಕೆಲಸ ಮಾಡುತ್ತಿರುವ ಶಂಟ್ ಇದ್ದವರು ಸಾಮಾನ್ಯವಾಗಿ ಎಲ್ಲರಂತೆ ಸುಜೂದ್ ಮಾಡಬಹುದು. ಶಸ್ತ್ರಚಿಕಿತ್ಸೆಯಾದ ಹೊಸದರಲ್ಲಿ ಅಥವಾ ಬಗ್ಗಿದರೆ ನೋಯುತ್ತಿದ್ದರೆ ಕುಳಿತು, ಅದೂ ಆಗದಿದ್ದರೆ ಮಲಗಿ ಸನ್ನೆಯಿಂದ ನಮಾಝ್ ಮಾಡುವ ರಿಯಾಯಿತಿ ಇದೆ. ಆದರೆ ಕುರ್ಚಿ ಹಾಕಿಕೊಟ್ಟು ಸುಮ್ಮನಾಗಬಾರದು. ಮೊದಲು ಆಗುತ್ತಿದ್ದ ಸುಜೂದ್ ಈಗೇಕೆ ಆಗುತ್ತಿಲ್ಲ ಎಂದು ಕೇಳಿ. ಗಾಯಕ್ಕೆ ನೀರು ತಾಗಿಸಬಾರದೆಂದು ವೈದ್ಯರು ಹೇಳಿರುವಷ್ಟು ದಿನ ವುಝೂ ಮತ್ತು ಸ್ನಾನದಲ್ಲಿ ಆ ಜಾಗಕ್ಕೆ ಬೇರೆ ನಿಯಮವಿದೆ. ನಿಮ್ಮ ಮದ್ಸ್‌ಹಬಿನ ಪ್ರಕಾರ ಉಸ್ತಾದರಲ್ಲಿ ಕೇಳಿಕೊಳ್ಳಿ. ಉಪವಾಸದಲ್ಲಿ ನೀರು ಕಡಿಮೆಯಾಗಿ, ಬೆಳಗ್ಗಿನ ಚಹಾ ತಪ್ಪಿ ತಲೆನೋಯುವುದು ಎಲ್ಲರಿಗೂ ಇರುವುದೇ. ಶಂಟ್ ಇರುವವರಲ್ಲಿ ಅದು ಯಾವ ನೋವೆಂದು ಗುರುತಿಸುವುದು ಕಷ್ಟ, ನೀರು ಕಡಿಮೆಯಾದರೆ ಎರಡನೇ ಬಗೆಯ ನೋವು ಹೆಚ್ಚಲೂಬಹುದು. ಫಿಟ್ಸ್ ಮಾತ್ರೆ ಇರುವವರು ಹೊತ್ತು ತಪ್ಪಿಸುವಂತಿಲ್ಲ. ರಮಝಾನಿಗೆ ಒಂದು ತಿಂಗಳು ಮೊದಲೇ ವೈದ್ಯರಲ್ಲಿ ಕೇಳಿ. ಬೇಡವೆಂದರೆ ರೋಗಿಗೆ ಕುರ್‌ಆನ್ ಕೊಟ್ಟಿರುವ ರಿಯಾಯಿತಿಯನ್ನು ಸಂಕೋಚವಿಲ್ಲದೆ ತೆಗೆದುಕೊಳ್ಳಿ, ನಂತರ ಕಝಾ ಅಥವಾ ಫಿದ್‌ಯಾ. ಅಂಥವರು ಹಗಲು ನೀರು ಕುಡಿಯುವಾಗ ಮನೆಯವರು ಮುಖ ಸಿಂಡರಿಸಬಾರದು.

ಆಸ್ಪತ್ರೆಗೆ ಹೋಗುವಾಗ ಹಳೆಯ ಸ್ಕ್ಯಾನ್ ಫಿಲಂ ಒಯ್ಯಲು ಮರೆಯಬೇಡಿ. ಆರೋಗ್ಯವಾಗಿದ್ದಾಗ ತೆಗೆದ ಸ್ಕ್ಯಾನ್‌ನೊಂದಿಗೆ ಹೋಲಿಸಿದರೆ ಮಾತ್ರ ಕೆಲವರಲ್ಲಿ ವ್ಯತ್ಯಾಸ ತಿಳಿಯುತ್ತದೆ. ಶಂಟ್ ಕೆಟ್ಟಿದ್ದರೂ ಸ್ಕ್ಯಾನ್‌ನಲ್ಲಿ ಕಾಣದ ಸಂದರ್ಭಗಳೂ ಇವೆ. "ಹಿಂದಿನ ಸಲ ಕೆಟ್ಟಾಗಲೂ ಹೀಗೇ ಇತ್ತು" ಎಂದು ತಾಯಿ ಹೇಳುವ ಮಾತಿಗೆ ಒಳ್ಳೆಯ ವೈದ್ಯರು ಕಿವಿಗೊಡುತ್ತಾರೆ. ಕೊಡದಿದ್ದರೆ ಮತ್ತೊಮ್ಮೆ ಹೇಳಿ, ಗಟ್ಟಿಯಾಗಿ ಹೇಳಿ. ಯಾವ ಕಂಪನಿಯ ಶಂಟ್, ಯಾವ ಒತ್ತಡದ್ದು, ಹಾಕಿದ ದಿನಾಂಕ, ಆಸ್ಪತ್ರೆಯ ಫೋನ್ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಮಗುವಿನ ಚೀಲದಲ್ಲಿಡಿ. ಅದರ ಪ್ರತಿಯೊಂದನ್ನು ಶಾಲೆಗೂ ಮದ್ರಸಕ್ಕೂ ಕೊಡಿ. ನಮ್ಮ ಮದ್ರಸದ ಪ್ರವೇಶ ಅರ್ಜಿಯಲ್ಲಿ ಈಗ ಕಾಯಿಲೆಗಳ ವಿವರಕ್ಕೆ ಒಂದು ಸಾಲು ಸೇರಿಸಿದ್ದೇವೆ. ಮದುವೆಯ ಹೊತ್ತಿಗೆ ತೊಂದರೆಯಾದೀತೆಂದು ಹೆಣ್ಣುಮಕ್ಕಳ ಶಂಟ್ ವಿಷಯ ಮುಚ್ಚಿಡುವವರಿದ್ದಾರೆ. ಉಸ್ತಾದರಿಗೆ ಹೇಳಿದ್ದು ಊರಿಗೆ ಹೋಗುವುದಿಲ್ಲ ಎಂಬ ಭರವಸೆ ಕೊಡುತ್ತೇವೆ.

ನಮ್ಮ ಹುಡುಗನ ಉಮ್ಮ ಈಗ ಅಡುಗೆಮನೆಯಲ್ಲಿ ತೂಗುಹಾಕಿರುವ ನಮಾಝ್ ಸಮಯದ ಕ್ಯಾಲೆಂಡರಿನಲ್ಲೇ ಗುರುತು ಹಾಕುತ್ತಾರೆ. ತಲೆನೋವು ಬಂದ ದಿನ ಆ ವಕ್ತಿನ ಮುಂದೆ ಒಂದು ಚುಕ್ಕೆ, ಮಾತ್ರೆ ಕೊಟ್ಟರೆ ಒಂದು ಗೆರೆ, ವಾಂತಿಯಾದರೆ ಒಂದು ಸುತ್ತು. ಎರಡು ತಿಂಗಳ ಹಿಂದೆ ಮತ್ತೆ ಚುಕ್ಕೆಗಳು ಕಾಣಿಸಿಕೊಂಡವು. ಮನೆಯವರೆಲ್ಲ ಗಾಬರಿ. ಅವತ್ತೇ ಕರೆದೊಯ್ದರು. ವೈದ್ಯರು ಕ್ಯಾಲೆಂಡರ್ ನೋಡಿದರು. ಚುಕ್ಕೆಗಳೆಲ್ಲ ಮಗ್ರಿಬ್ ಮತ್ತು ಇಶಾದ ಮುಂದೆ, ಫಜ್ರ್‌ನ ಮುಂದೆ ಒಂದೂ ಇರಲಿಲ್ಲ, ಸುತ್ತು ಎಲ್ಲಿಯೂ ಇಲ್ಲ. ಸ್ಕ್ಯಾನ್ ಮಾಡಿ ಹಳೆಯದರೊಂದಿಗೆ ಹೋಲಿಸಿ, ಶಂಟ್ ಚೆನ್ನಾಗಿದೆ, ಕಣ್ಣು ತೋರಿಸಿ ಎಂದರು. ಈಗ ಹುಡುಗನಿಗೆ ಕನ್ನಡಕ ಬಂದಿದೆ. ಅದರ ಬಲಗಡೆಯ ಕಡ್ಡಿ ಕಿವಿಯ ಹಿಂದಿನ ಗಾಯಕ್ಕೆ ತಾಗಿ ಎರಡು ದಿನ ನೋಯುತ್ತಿತ್ತಂತೆ, ಅಂಗಡಿಯವರು ಬಿಸಿಮಾಡಿ ಸ್ವಲ್ಪ ಬಾಗಿಸಿ ಕೊಟ್ಟಿದ್ದಾರೆ.